ಕುರಿ ತಂದವನು ಮಾತಾಡಬಾರದು

ನಮ್ಮಣ್ಣನ ಕುರಿಮರಿಯೊಂದರ ಕೊರಳಲ್ಲಿ ‘ಸಂಯೋಜಕರು’ ಎಂದು ಬರೆದ ಕಾರ್ಡು ನೇತಾಡುತ್ತಿದೆ. ಕಾರ್ಡು ನನ್ನದು, ಅದರ ನೀಲಿ ಪಟ್ಟಿಯೂ ನನ್ನದೇ. ನಾನು ಪಾಠ ಮಾಡುವ ಕನಕಪುರದ ಕಾಲೇಜಿನಲ್ಲಿ ಉದ್ಯೋಗ ಮೇಳ ನಡೆದ ದಿನ ಬೆಳಗ್ಗೆಯಿಂದ ಸಂಜೆಯ ತನಕ ಅದು ನನ್ನ ಕೊರಳಲ್ಲಿತ್ತು. ಸಾತನೂರಿನ ಹತ್ತಿರದ ನಮ್ಮೂರಿಗೆ ಹೋದಾಗ ಬ್ಯಾಗಿನಿಂದ ತೆಗೆದು ಎಲ್ಲೋ ಇಟ್ಟು ಮರೆತಿದ್ದೆ. ಮರಿಗೆ ಗಂಟೆ ಕಟ್ಟಿದ್ದ ದಾರ ಹರಿದುಹೋಗಿತ್ತಂತೆ, ಅಣ್ಣನ ಕೈಗೆ ಸಿಕ್ಕಿದ್ದು ಇದು. ಕಾರ್ಡನ್ನೂ ಬಿಡದೆ ಕಟ್ಟಿಬಿಟ್ಟಿದ್ದಾನೆ.

“ಕಾರ್ಡಾದ್ರೂ ಕಿತ್ತಾಕ್ಬಾರ್ದಾ ಅಣ್ಣಾ?” ಎಂದೆ.

“ಇರ್ಲಿ ಬುಡು ಜಯ. ಮಂದೇಲಿ ಎಲ್ಲಕ್ಕಿಂತ ಮುಂದೆ ಓಡದು ಇದೇಯ. ಮಿಕ್ಕವೆಲ್ಲ ಒಂದ್ಕಡೆ ಹೋದ್ರೆ ಇದು ಇನ್ನೊಂದ್ಕಡೆ ಹೋಯ್ತದೆ. ನಿಮ್ ಮೇಳ್ದಲ್ಲೂ ಅಂಗೇ ತಾನೆ?”

ಮೇಳದ ದಿನವನ್ನು ನೆನೆಸಿಕೊಂಡರೆ ಅಣ್ಣ ಹೇಳಿದ್ದು ಅಷ್ಟೇನೂ ತಪ್ಪಲ್ಲ.

ನಾನು ಇತಿಹಾಸದ ಮೇಡಂ. ಇತಿಹಾಸ ಓದಿದವರಿಗೆ ಕೆಲಸ ಸಿಗುವುದಿಲ್ಲ ಎಂದು ಊರೆಲ್ಲ ಮಾತಾಡುತ್ತಿರುವಾಗ, ಮಕ್ಕಳಿಗೆ ಕೆಲಸ ಕೊಡಿಸುವ ಕೆಲಸವನ್ನು ಇತಿಹಾಸದವಳಿಗೇ ವಹಿಸಿದ್ದು ನಮ್ಮ ಪ್ರಿನ್ಸಿಪಾಲರ ತಮಾಷೆಯೋ ಸೇಡೋ ನನಗೆ ಇವತ್ತಿಗೂ ಗೊತ್ತಿಲ್ಲ. ಕಾಮರ್ಸಿನವರಿಗೆ ಪರೀಕ್ಷೆ, ಕಂಪ್ಯೂಟರಿನವರಿಗೆ ಕಂಪ್ಯೂಟರು, ಇಂಗ್ಲಿಷಿನವರಿಗೆ ಸೊಂಟನೋವು. “ನೀವು ಚೆನ್ನಾಗಿ ಮಾತಾಡ್ತೀರಿ” ಎಂದರು ಪ್ರಿನ್ಸಿಪಾಲರು. ಹೊಗಳಿದರೆ ನಾನು ಉಬ್ಬಿಹೋಗುವವಳು. ಒಪ್ಪಿಕೊಂಡೆ.

ಒಪ್ಪಿಕೊಂಡ ಮೇಲೆ ಫೋನು ತೆಗೆದು ಉದ್ಯೋಗ ಮೇಳದಲ್ಲಿ ಹೇಗೆ ನಡೆದುಕೊಳ್ಳಬೇಕು ಎಂದು ಹುಡುಕಿದೆ. ಪ್ರಪಂಚದಲ್ಲಿ ಬುದ್ಧಿಮಾತಿಗೇನು ಬರ. ಯಾವ ಯಾವ ಕಂಪನಿ ಬರುತ್ತದೆಂದು ಮುಂಚೆಯೇ ತಿಳಿದುಕೊಳ್ಳಿ, ಬಯೋಡೇಟಾದ ಪ್ರತಿಗಳನ್ನು ಬೇಕಾದ್ದಕ್ಕಿಂತ ಹೆಚ್ಚು ಇಟ್ಟುಕೊಳ್ಳಿ, ನಿಮಗೆ ಇಷ್ಟವಾದ ಕಂಪನಿಯ ಹತ್ತಿರ ಮೊದಲೇ ಹೋಗದೆ ಬೇರೆ ಕಡೆ ಒಮ್ಮೆ ಮಾತಾಡಿ ನಾಲಿಗೆ ಸಡಿಲ ಮಾಡಿಕೊಂಡು ಹೋಗಿ, ಅವರು ಕೇಳಿದ್ದಕ್ಕೆ ಉತ್ತರ ಕೊಟ್ಟು ಸುಮ್ಮನಾಗದೆ ನೀವೂ ಏನಾದರೂ ಕೇಳಿ, ಗೆಳೆಯರನ್ನು ಕಟ್ಟಿಕೊಂಡು ಗುಂಪಾಗಿ ಹೋಗಬೇಡಿ. ಎಲ್ಲ ಒಳ್ಳೆಯ ಮಾತುಗಳೇ. ಕನ್ನಡಕ್ಕೆ ತಂದು ಬೋರ್ಡಿನ ಮೇಲೆ ಬರೆದೆ. ಒಂದು ಮಾತ್ರ ಕನಕಪುರಕ್ಕೆ ಬರಲು ಒಪ್ಪಲಿಲ್ಲ. ಲಿಫ್ಟಿನಲ್ಲಿ ಒಬ್ಬರು ಸಿಕ್ಕರೆ, ಅದು ಮೇಲೆ ತಲುಪುವಷ್ಟರಲ್ಲಿ ನಿಮ್ಮ ಪರಿಚಯ ಹೇಳಿ ಮುಗಿಸಬೇಕಂತೆ. ನಮ್ಮ ಮಕ್ಕಳಲ್ಲಿ ಎಷ್ಟೋ ಜನ ಲಿಫ್ಟು ಹತ್ತಿದವರಲ್ಲ. ಹತ್ತಿದವರೂ ಅದರೊಳಗೆ ಉಸಿರು ಬಿಗಿಹಿಡಿದು ನಿಂತವರೇ ಹೊರತು ಮಾತಾಡಿದವರಲ್ಲ. ಆದ್ದರಿಂದ ನಾನು, “ಬಸ್ಸು ಸ್ಟಾಪಿನಲ್ಲಿ ನಿಲ್ತದೆ, ಕಂಡಕ್ಟರ್ ರೈಟ್ ಅಂತಾನೆ, ಅಷ್ಟರೊಳಗೆ ನೀನು ಯಾರು ಅಂತ ಹೇಳಿ ಮುಗಿಸ್ಬೇಕು” ಎಂದೆ. ಹಿಂದಿನ ಬೆಂಚಿನಿಂದ ಒಬ್ಬ, “ಮೇಡಂ, ಬೆಳಗಿನ ಬಸ್ಸಲ್ಲಾದ್ರೆ ಹತ್ತಕ್ಕೇ ಆಗಲ್ಲ, ಇನ್ನು ಹೇಳದೆಲ್ಲಿ” ಎಂದ. ಅದೂ ಸರಿಯೇ.

ಬಯೋಡೇಟಾಗಳದ್ದು ಇನ್ನೊಂದು ಕಥೆ. ತಿದ್ದಿಕೊಡುತ್ತೇನೆ ಎಂದು ತರಿಸಿಕೊಂಡು ನೋಡಿದರೆ, ಇಡೀ ಕಾಲೇಜಿನ ಮಕ್ಕಳ ಜೀವನದ ಗುರಿ ಒಂದೇ ಆಗಿತ್ತು. ಅಕ್ಷರಕ್ಕೆ ಅಕ್ಷರ ಒಂದೇ. ಎಲ್ಲರ ಹವ್ಯಾಸವೂ ಪುಸ್ತಕ ಓದುವುದು, ಸಂಗೀತ ಕೇಳುವುದು. ನನ್ನ ತರಗತಿಯಲ್ಲಿ ಪುಸ್ತಕ ತೆರೆಯಲೂ ಬೇಸರಪಡುವ ಮಹಾರಾಯನೂ ಓದುವುದನ್ನೇ ಹವ್ಯಾಸ ಮಾಡಿಕೊಂಡಿದ್ದ. ವಿಚಾರಿಸಿದರೆ ಬಸ್ ಸ್ಟ್ಯಾಂಡ್ ಎದುರಿನ ಜೆರಾಕ್ಸ್ ಅಂಗಡಿಯವನು ಯಾವ ಕಾಲದಲ್ಲೋ ಒಂದು ಬಯೋಡೇಟಾ ಟೈಪು ಮಾಡಿ ಇಟ್ಟುಕೊಂಡಿದ್ದಾನೆ, ಹೆಸರು ಮತ್ತು ಊರು ಬದಲಾಯಿಸಿ ಕೊಡುತ್ತಾನೆ. ಇಷ್ಟು ಮಕ್ಕಳ ಗುರಿಯನ್ನು ನಿರ್ಧರಿಸಿದ ಮನುಷ್ಯನನ್ನು ಒಮ್ಮೆ ನೋಡಿಕೊಂಡು ಬರೋಣ ಎಂದು ಹೋದೆ. “ಮೇಡಂ, ನಿಮ್ದೂ ಒಂದು ಮಾಡ್ಕೊಡ್ಲಾ?” ಎಂದ.

ಮೇಳಕ್ಕೆ ಕೆಲವು ದಿನ ಮೊದಲು ಸುಳ್ಳುಸುಳ್ಳೇ ಇಂಟರ್‌ವ್ಯೂ ಮಾಡಿ ಅಭ್ಯಾಸ ಮಾಡಿಸುತ್ತಿದ್ದೆ. ಅವತ್ತು ಎದ್ದು ನಿಂತವಳು ಸಹನಾ. ಬಿ.ಕಾಂ. ಕೊನೆಯ ವರ್ಷ, ಓದಿನಲ್ಲಿ ಎಲ್ಲರಿಗಿಂತ ಮುಂದೆ, ಮಾತಿನಲ್ಲಿ ಎಲ್ಲರಿಗಿಂತ ಹಿಂದೆ. ನಮ್ಮೂರಿನ ಕಡೆಯ ಹುಡುಗಿಯೇ.

“ನಿನ್ನ ಬಗ್ಗೆ ಹೇಳಮ್ಮ” ಎಂದೆ.

“ನನ್ನೆಸ್ರು ಸಹನಾ ಮೇಡಂ. ನಮ್ಮೂರು ಸಾತನೂರ್ ಪಕ್ಕ.”

“ಇನ್ನೂ?”

“ಅಷ್ಟೇ ಮೇಡಂ.”

“ಸರಿ, ನಿನ್ನಲ್ಲಿ ಏನೇನು ಒಳ್ಳೇದಿದೆ ಹೇಳು.”

ಅವಳು ನನ್ನ ಮುಖವನ್ನೇ ನೋಡಿದಳು. “ಅದನ್ನ ನಾನೇ ಹೇಳ್ಕಳದಾ ಮೇಡಂ?”

ಅದು ಉದ್ಧಟತನವಲ್ಲ. ಅವಳಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. ನಾನು ಇನ್ನೊಂದು ಸಲ ಕೇಳುವಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ತೇಜಸ್ವಿನಿ ಎದ್ದಳು. ಅವಳನ್ನು ಎಲ್ಲರೂ ತೇಜು ಎನ್ನುತ್ತಾರೆ. ಇಬ್ಬರೂ ಒಂದೇ ಕಡೆಯಿಂದ ಒಂದೇ ಬಸ್ಸಿನಲ್ಲಿ ಬರುವವರು.

“ನಾನ್ ಹೇಳ್ಲಾ ಮೇಡಂ? ಅಕೌಂಟ್ಸಲ್ಲಿ ಇವ್ಳ್ನ ಮೀರ್ಸೋರು ಯಾರಿದಾರೆ ಹೇಳಿ. ಅವ್ರಪ್ಪ ಹುಣಸೆ ಮರದಿಂದ ಬಿದ್ ಕಾಲ್ ಮುರ್ಕೊಂಡ್ ಮನೇಲವ್ರೆ. ಬೆಳಿಗ್ಗೆ ಎದ್ದು ಹಾಲ್ ಕರ್ದು, ಡೈರಿಗ್ ಹಾಕಿ, ಬಸ್ ಹಿಡ್ದು ಬತ್ತಾಳೆ. ಒಂದಿನ ಲೇಟಾಗಿರದ್ ನೋಡಿದೀರಾ? ಒಂದ್ ಮಾತ್ ಕೊಟ್ರೆ ಕೊಟ್ಟಂಗೆ. ಐಬು ಅಂದ್ರೆ ಒಂದೇಯ, ಬಾಯಿ ಬುಡಕಿಲ್ಲ.”

ತರಗತಿ ನಕ್ಕಿತು. ಸಹನಾ ಮಾತ್ರ ತಲೆ ತಗ್ಗಿಸಿ, ಫೈಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಅವಳು ನಿಂತ ರೀತಿ ನೋಡಿದ್ದೇ ತಡ ನನಗೆ ನಮ್ಮ ತಾತ ನೆನಪಾದ. ಕನಕಪುರದ ಸಂತೆಯ ಕುರಿ ಸಾಲಿನಲ್ಲಿ, ಹಗ್ಗ ಹಿಡಿದು ನೆಲ ನೋಡುತ್ತ ನಿಂತ ತಾತ.

ಇದು ಎಲ್ಲ ಕಡೆಯ ಪದ್ಧತಿಯೋ, ನಮ್ಮೂರಿನವರು ಮಾತ್ರ ಮಾಡಿಕೊಂಡದ್ದೋ ತಿಳಿಯದು. ನಮ್ಮವರು ಸಂತೆಗೆ ಕುರಿ ಹೊಡೆದುಕೊಂಡು ಹೋದರೆ, ಕುರಿ ತಂದವನು ಮಾತಾಡಬಾರದು. ಅವನು ಹಗ್ಗ ಹಿಡಿದು ಎಲೆಯಡಿಕೆ ಹಾಕಿಕೊಂಡು ಸುಮ್ಮನೆ ನಿಲ್ಲಬೇಕು. ಕುರಿಯ ಗುಣಗಾನ ಮಾಡುವವನು ಬೇರೆ ಮನೆಯವನಾಗಿರಬೇಕು. ತನ್ನ ಕುರಿಯನ್ನು ತಾನೇ ಹೊಗಳಿದರೆ ದೃಷ್ಟಿಯಾಗುತ್ತದೆ ಎನ್ನುವುದು ನಮ್ಮಜ್ಜಿ ಕೊಡುತ್ತಿದ್ದ ಕಾರಣ. ತಾತನ ಕಾರಣ ಇನ್ನೂ ಸರಳ. “ಹೆತ್ತೋರ್ಗೆ ಹೆಗ್ಗಣ ಮುದ್ದು ಕಣವ್ವ. ನನ್ ಕುರಿ ಚೆಂದಾಗೈತೆ ಅಂತ ನಾನೇ ಅಂದ್ರೆ ಯಾವನ್ ನಂಬ್ತಾನೆ?” ಹಾಗೆ ಮಾತಾಡಲು ಬಂದವನು ಅವತ್ತು ತನ್ನ ಕುರಿಯನ್ನು ಮಾರುವಂತಿಲ್ಲ. ಮುಂದಿನ ಸಂತೆಗೆ ಸರದಿ ಬದಲು, ಕುರಿ ಮಾರಿದವನು ಬಾಯಿ, ಮಾತಾಡಿದವನು ಮೂಕ. ಇನ್ನೊಂದು ಕಟ್ಟಳೆಯಿದೆ, ಅದು ಬಹಳ ಮುಖ್ಯವಾದದ್ದು. ಎಷ್ಟೇ ಹೊಗಳಲಿ, ಕೊನೆಯಲ್ಲಿ ಒಂದು ಐಬನ್ನು ಹೇಳಲೇಬೇಕು. ಮೇವಿಗೆ ಬಿಟ್ಟರೆ ಬೇಲಿ ಹಾರುತ್ತದೆ, ಎಡಗಣ್ಣಿನಲ್ಲಿ ನೀರು ಸೋರುತ್ತದೆ, ಹೀಗೆ ಇದ್ದದ್ದನ್ನು ಇದ್ದ ಹಾಗೆ. ಐಬು ಹೇಳದವನ ಮಾತನ್ನು ಕೊಳ್ಳುವವರು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

ನಮ್ಮ ತಾತನ ಬಾಯಿ ಎಂದರೆ ಪಕ್ಕದ ಹೊಲದ ಕೆಂಚಯ್ಯ. ತಮಾಷೆ ಏನೆಂದರೆ ತಾತನಿಗೂ ಕೆಂಚಯ್ಯನಿಗೂ ಮಾತಿರಲಿಲ್ಲ. ಬದುವಿನ ಜಗಳ. ಬದುವಿನ ಮೇಲಿದ್ದ ಹೊಂಗೆಮರ ಯಾರದು ಎಂದು ಶುರುವಾದದ್ದು, ಮರವೇ ಒಣಗಿ ಬಿದ್ದ ಮೇಲೂ ನಿಂತಿರಲಿಲ್ಲ. ದಾರಿಯಲ್ಲಿ ಎದುರಾದರೆ ಒಬ್ಬರು ಆಕಾಶ ನೋಡುತ್ತಿದ್ದರು, ಇನ್ನೊಬ್ಬರು ಮೆಟ್ಟು ನೋಡುತ್ತಿದ್ದರು. ಆದರೆ ಸಂತೆಯಲ್ಲಿ ಕೆಂಚಯ್ಯ ನಮ್ಮ ಕುರಿಯ ಬೆನ್ನು ಸವರುತ್ತ ಹೊಗಳುವುದನ್ನು ಕೇಳಿದರೆ ಸ್ವಂತ ಮಗುವಿನ ಮಾತಾಡುತ್ತಿದ್ದಾನೇನೋ ಅನ್ನಿಸಬೇಕು. ನಾನು ಚಿಕ್ಕವಳಿದ್ದಾಗ ಹಟ ಮಾಡಿ ತಾತನ ಜೊತೆ ಹೋಗುತ್ತಿದ್ದೆ. ಕುರಿ ಹಿಕ್ಕೆಯ ವಾಸನೆ, ಕಡಲೆಪುರಿ, ಕೆಂಚಯ್ಯನ ದೊಡ್ಡ ಗಂಟಲು ಇವು ಮೂರೂ ನನ್ನ ಮನಸ್ಸಿನಲ್ಲಿ ಒಂದೇ ಗಂಟಿನಲ್ಲಿವೆ. ವ್ಯಾಪಾರ ಮುಗಿಸಿ ಒಂದೇ ಬಸ್ಸಿನಲ್ಲಿ ವಾಪಸು ಬರುವಾಗ ತಾತ ಮುಂದಿನ ಸೀಟು, ಕೆಂಚಯ್ಯ ಹಿಂದಿನ ಸೀಟು. ಮನೆಗೆ ಬಂದ ಮೇಲೆ ಅಜ್ಜಿ, “ಕೆಂಚಯ್ಯ ಏನಂದ?” ಎಂದರೆ ತಾತ, “ಅವ್ನ್ಯಾಕೆ ನನ್ ತಾವ ಮಾತಾಡಾನು?” ಎನ್ನುತ್ತಿದ್ದ.

ಈ ಸಂತೆಯಿಂದ ಬಂದ ಮಕ್ಕಳಿಗೆ ನಾನು, ನಿಮ್ಮನ್ನು ನೀವೇ ಹೊಗಳಿಕೊಳ್ಳಿ ಎಂದು ಪಾಠ ಮಾಡುತ್ತಿದ್ದೆ. ತುಂಬಿದ ಕೊಡ ತುಳುಕುವುದಿಲ್ಲ ಎಂದು ಕಲಿಸಿದವರೂ ನಾವೇ, ಇಂಟರ್‌ವ್ಯೂ ಬಂದಾಗ ಒಸಿ ತುಳುಕಿಸು ಎನ್ನುವವರೂ ನಾವೇ.

ತರಗತಿ ಮುಗಿದ ಮೇಲೆ ಸಹನಾ ಸ್ಟಾಫ್ ರೂಮಿನ ಬಾಗಿಲಿಗೆ ಬಂದಳು. ಹಾರೋಹಳ್ಳಿ ಕಡೆಯ ಒಂದು ಕಾರ್ಖಾನೆಯವರು ಮೇಳಕ್ಕೆ ಬರುವವರಿದ್ದರು, ಲೆಕ್ಕಪತ್ರದ ಕೆಲಸಕ್ಕೆ ಒಬ್ಬರು ಬೇಕಿತ್ತು ಅವರಿಗೆ. ಅವರ ಬಸ್ಸು ಸಾತನೂರಿನ ತನಕ ಬರುತ್ತದೆ. ಅವಳಿಗೆ ಬೇಕಾಗಿದ್ದದ್ದು ಅದೊಂದೇ. ಅಪ್ಪನ ಕಾಲು ಇನ್ನೂ ಸರಿಹೋಗಿರಲಿಲ್ಲ, ಹಸುಗಳ ಹಿಂದೆ ಅಮ್ಮ ಒಬ್ಬಳೇ. ಬೇರೆ ಊರಿನಲ್ಲಿ ಉಳಿದುಕೊಂಡು ಮಾಡುವ ಕೆಲಸ ಅವಳಿಂದ ಆಗದು. ಹಿಂದೆ ಎರಡು ಕಡೆ ಇಂಟರ್‌ವ್ಯೂಗೆ ಹೋಗಿ ಬಾಯಿ ಬಿಡದೆ ವಾಪಸು ಬಂದಿದ್ದಳು.

“ಮೇಡಂ, ಈ ಸಲನೂ ಬಾಯಿ ಕಟ್ಟೋದ್ರೆ ನಾನಿನ್ ಯಾವ್ ಇಂಟರ್‌ವ್ಯೂಗೂ ಹೋಗಕಿಲ್ಲ” ಎಂದಳು. “ಎಲ್ರ ಮುಂದೆ ಮೂಕಿ ಥರ ನಿಂತ್ಕಳದು ಸಾಕಾಗೈತೆ.”

ನನಗೆ ಸಂಕಟವಾಯಿತು. “ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡು” ಎಂದೆ. ಅದೂ ಫೋನಿನಲ್ಲಿ ಓದಿದ್ದೇ.

ಮೇಳದ ದಿನ ಬಂತು. ಕಾಲೇಜಿನ ಮುಂದೆ ಶಾಮಿಯಾನ, ಸಾಲಾಗಿ ಟೇಬಲ್ಲು, ಟೇಬಲ್ಲಿನ ಮೇಲೆ ಪುಕ್ಕಟೆ ಪೆನ್ನು. ಮಾಗಡಿಯಿಂದ, ಚನ್ನಪಟ್ಟಣದಿಂದೆಲ್ಲ ಹುಡುಗರು ಬಂದಿದ್ದರು. ಕೆಲವರು ಯಾವ ಕಂಪನಿಯ ಜೊತೆಯೂ ಮಾತಾಡದೆ ಪೆನ್ನುಗಳನ್ನು ಮಾತ್ರ ಆರಿಸಿಕೊಂಡು ಊಟದ ಸಾಲಿಗೆ ಹೋಗಿ ನಿಂತರು. ಇನ್ನೊಬ್ಬ ತಂದಿದ್ದ ಬಯೋಡೇಟಾಗಳನ್ನೆಲ್ಲ ಮೊದಲನೆಯ ಟೇಬಲ್ಲಿಗೇ ಕೊಟ್ಟು, “ನಮ್ ಫ್ರೆಂಡ್ಸ್‌ಗೂ ಕೊಡಿ ಸಾರ್” ಎಂದನಂತೆ. ತೇಜು ಊಟದ ಪೊಟ್ಟಣಗಳನ್ನು ಎತ್ತಿಕೊಂಡು ಓಡಾಡಿ ನಮ್ಮ ಕಾಲೇಜಿನವರಿಗೆಲ್ಲ ಹಂಚಿದಳು. ಕೊನೆಗೆ ನೋಡಿದರೆ ತನಗೇ ಒಂದನ್ನು ಇಟ್ಟುಕೊಂಡಿರಲಿಲ್ಲ. ನಾನು ನನ್ನದರಲ್ಲಿ ಅರ್ಧ ಕೊಡಲು ಹೋದರೆ, “ಹಸಿವಿಲ್ಲ ಮೇಡಂ” ಎಂದು ಹೊರಟೇಹೋದಳು. ನನ್ನ ಗಮನವೆಲ್ಲ ಸಹನಾಳ ಮೇಲಿತ್ತು.

ಆ ಕಾರ್ಖಾನೆಯ ಟೇಬಲ್ಲಿನ ಕಡೆ ನೋಡಿದೆ. ಸಹನಾ ಫೈಲು ಹಿಡಿದು ನೆಲ ನೋಡುತ್ತ ನಿಂತಿದ್ದಾಳೆ. ಅವಳ ಪಕ್ಕದಲ್ಲಿ ತೇಜು ನಿಂತು ಕೈ ಬೀಸಿ ಬೀಸಿ ಮಾತಾಡುತ್ತಿದ್ದಾಳೆ. ಗೆಳೆಯರನ್ನು ಕಟ್ಟಿಕೊಂಡು ಹೋಗಬೇಡಿ ಎಂದು ಬೋರ್ಡಿನ ಮೇಲೆ ಬರೆದು ಅಡಿಗೆರೆ ಬೇರೆ ಎಳೆದಿದ್ದೆ ನಾನು. ಕೊರಳ ಕಾರ್ಡನ್ನು ಹಿಡಿದುಕೊಂಡು ಓಡಿದೆ.

ಟೇಬಲ್ಲಿನ ಹಿಂದೆ ಕೂತಿದ್ದವರು ಬೆಂಗಳೂರಿನ ಒಬ್ಬ ಮೇಡಂ. ಬೆಳಗ್ಗೆಯಿಂದ ಮಾತಾಡಿಸಿ ಮಾತಾಡಿಸಿ ಅವರಿಗೆ ಸಾಕಾಗಿತ್ತು.

“ಒಂದ್ನಿಮಿಷ. ಕ್ಯಾಂಡಿಡೇಟ್ ಯಾರು?” ಎಂದು ಕೇಳುತ್ತಿದ್ದರು.

“ಇವ್ಳು ಮೇಡಂ” ಎಂದಳು ತೇಜು.

“ಮತ್ತೆ ನೀನ್ಯಾರು?”

“ನಾನು ಇವ್ಳ ಕಡೆಯೋಳು.”

“ಅವಳ ಬಗ್ಗೆ ಅವಳೇ ಹೇಳಲಿ.”

“ಅವ್ಳು ಹೇಳ್ಬಾರ್ದು ಮೇಡಂ.”

“ಯಾಕೆ?”

ತೇಜು ಒಂದು ಕ್ಷಣ ಯೋಚಿಸಿದಳು. “ಚೆನ್ನಾಗಿರಲ್ಲ” ಎಂದಳು.

ಆ ಮೇಡಂ ನನ್ನ ಕಡೆ ತಿರುಗಿದರು. “ನೀವು ಕೋಆರ್ಡಿನೇಟರ್ ಅಲ್ವಾ? ಏನ್ರೀ ಇದು?”

ಕ್ಷಮೆ ಕೇಳಿ ಇಬ್ಬರನ್ನೂ ಎಳೆದುಕೊಂಡು ಹೋಗುವುದು ನನ್ನ ಕರ್ತವ್ಯವಾಗಿತ್ತು. ಬಾಯಿ ತೆರೆದದ್ದೂ ಅದಕ್ಕೇ. ಆದರೆ ಹೊರಗೆ ಬಂದ ಮಾತೇ ಬೇರೆ. “ಆ ಹುಡುಗಿ ಹೇಳಿದ್ದೆಲ್ಲ ನಿಜ ಮೇಡಂ. ಲೆಕ್ಕದಲ್ಲಿ ಇವಳು ಎತ್ತಿದ ಕೈ” ಎಂದುಬಿಟ್ಟೆ. ಹೀಗೆ ಸಹನಾಳಿಗೆ ಎರಡು ಬಾಯಿಗಳಾದವು, ಅವಳ ಸ್ವಂತದ್ದೊಂದನ್ನು ಬಿಟ್ಟು.

ತೇಜುವಿಗೆ ಧೈರ್ಯ ಬಂತು. “ಐಬು ಒಂದೈತೆ ಮೇಡಂ” ಎಂದಳು. ನಾನು ಕಣ್ಣಿನಲ್ಲೇ ಬೇಡ ಎಂದೆ. ಅವಳು ನೋಡಲಿಲ್ಲ. “ಸಾಯಂಕಾಲ ಬಸ್ಸಿಗೆ ಇವ್ಳ್ನ ಬುಟ್ಬುಡ್ಬೇಕು. ಓಟಿ ಗೀಟಿ ಅಂತ ಇರುಸ್ಕಂಡ್ರೆ ಆಗಕಿಲ್ಲ. ಮನೇಲಿ ಹಾಲ್ ಕರ್ಯದೈತೆ.”

ಆ ಮೇಡಂ ಪೆನ್ನು ಕೆಳಗಿಟ್ಟರು. “ಇದನ್ನ ಎಲ್ಲರೂ ಕೆಲಸಕ್ಕೆ ಸೇರಿದ ಮೇಲೆ ಹೇಳ್ತಾರೆ” ಎಂದರು. ಅವರ ಮುಖದಲ್ಲಿ ಸಿಟ್ಟು ಹೋಗಿ ನಗು ಬರುವ ಹಾಗಿತ್ತು. ಆದರೆ ಆಮೇಲೆ ಅವರು ತೇಜುವಿಗೆ ಹೇಳಿದ ಮಾತಿಗೆ ನಮ್ಮೂವರ ಮುಖವೂ ಬಿಳುಚಿಕೊಂಡಿತು. “ಅದಿರಲಿ, ನಿನ್ನ ಬಯೋಡೇಟಾ ಎಲ್ಲಿ? ನಮ್ಮ ಸೇಲ್ಸ್ ಕಡೆಗೆ ನಿನ್ನಂಥವಳು ಬೇಕು.”

ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಎನ್ನುವುದು ಸುಳ್ಳಲ್ಲ. ತೇಜುವಿಗೂ ಕೆಲಸ ಬೇಕಿತ್ತು, ಅದು ನನಗೆ ಗೊತ್ತು. ಅವಳ ಕೈಯಲ್ಲಿ ಫೈಲು ಕೂಡ ಇತ್ತು. ಅದನ್ನು ಬೆನ್ನ ಹಿಂದೆ ಹಿಡಿದುಕೊಂಡು, “ಇವತ್ತು ನಂದಲ್ಲ ಮೇಡಂ, ಇವ್ಳ್ದು” ಎಂದಳು.

ಆ ಮೇಡಂ ವಿವರಣೆಗಾಗಿ ನನ್ನನ್ನು ನೋಡಿದರು. ಕುರಿ ಸಂತೆಯ ವಿಷಯ ಎತ್ತಿದರೆ, ತನ್ನ ವಿದ್ಯಾರ್ಥಿನಿಯನ್ನು ಕುರಿಗೆ ಹೋಲಿಸಿದವಳು ಎಂದು ನನಗೆ ಹೆಸರಾಗುತ್ತದೆ. ಸುಮ್ಮನೆ ಹಲ್ಲು ಕಿರಿದೆ.

ಅವರು ಒಂದು ಹಾಳೆಯ ಮೇಲೆ ಏನೇನೋ ಖರ್ಚುವೆಚ್ಚ ಬರೆದು, ಟೇಬಲ್ಲಿನ ಕೊನೆಯಲ್ಲಿ ಕೂತು ಇದನ್ನು ಸರಿಪಡಿಸಿ ಕೊಡು ಎಂದು ಸಹನಾಳಿಗೆ ಕೊಟ್ಟರು. ಅವಳು ಕೂತಳು. ಪೆನ್ನು ಹಿಡಿದ ಮೇಲೆ ತಲೆಯೆತ್ತದೆ ಒಂದೊಂದೇ ಸಾಲು ತಿದ್ದುತ್ತ ಹೋದಳು. ವಾಪಸು ಕೊಟ್ಟಾಗ ಅವರು ಅದನ್ನು ನೋಡಿ, ಪಕ್ಕದವರಿಗೂ ತೋರಿಸಿ, ಹೆಸರು ಬರೆದುಕೊಂಡರು. ಮೇಳವೆಲ್ಲ ಮುಗಿದು ಶಾಮಿಯಾನ ಬಿಚ್ಚಿದ ಮೇಲೆ ಕೆಲವು ದಿನಕ್ಕೆ ಸಹನಾಳಿಗೆ ಕಾಗದ ಬಂತು. ಅವಳು ಕೆಲಸಕ್ಕೆ ಸೇರಿದಳು, ಬಸ್ಸಿನಲ್ಲಿ ಹೋಗುತ್ತಾಳೆ, ಬಸ್ಸಿನಲ್ಲಿ ಬಂದು ಹಾಲು ಕರೆಯುತ್ತಾಳೆ.

ನನಗೆ ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಸಂತೋಷದ ಜೊತೆಗೆ ಒಂದು ಮುಳ್ಳೂ ಚುಚ್ಚುತ್ತಿತ್ತು. ಹುಡುಗಿ ಬಾಯಿ ಬಿಡದೆಯೇ ಕೆಲಸ ಹಿಡಿದಳು. ನಾಳೆ ಆಫೀಸಿನಲ್ಲಿ ಯಾರೋ ಅವಳ ಮೇಲೆ ತಪ್ಪು ಹೊರಿಸಿದರೆ, ಮೇಲಿನವರು ಏನೋ ಕೇಳಿದರೆ, ಅಲ್ಲಿಗೂ ತೇಜು ಬರುತ್ತಾಳೆಯೇ? ಇದನ್ನು ಅಣ್ಣನ ಹತ್ತಿರ ಹೇಳಿಕೊಂಡೆ. ಅವನು ಮರಿಗೆ ಸೊಪ್ಪು ಹಾಕುತ್ತ, “ನಿಂಗೆ ಯಾರ್ ಬಂದಿದ್ರು? ಮರ್ತುಬುಟ್ಟಾ?” ಎಂದ.

ಮರೆತಿರಲಿಲ್ಲ. ನನ್ನದು ಹತ್ತನೇ ತರಗತಿ ಮುಗಿದಾಗ ಮುಂದೆ ಓದಿಸುವುದು ಬೇಡ ಎಂದು ಮನೆಯಲ್ಲಿ ಹೆಚ್ಚುಕಡಿಮೆ ತೀರ್ಮಾನವಾಗಿತ್ತು. ಕನಕಪುರಕ್ಕೆ ದಿನಾ ಬಸ್ಸಿನಲ್ಲಿ ಹೆಣ್ಣುಮಗಳು ಓಡಾಡುವುದೇ ಎಂದು ಅಪ್ಪ. ತಾತ ಏನೂ ಹೇಳದೆ ಜಗಲಿಯ ಮೇಲೆ ಕೂತಿದ್ದ. ಬೇರೆಲ್ಲ ವಿಷಯಕ್ಕೂ ಎದುರು ಮಾತಾಡುವ ನಾನು, ನನಗೆ ಓದಬೇಕು ಎಂಬ ಒಂದು ಮಾತನ್ನು ಬಾಯಿಗೆ ತರಲಾರದೆ ಬಾಗಿಲ ಹಿಂದೆ ನಿಂತಿದ್ದೆ. ಆಗ ನಮ್ಮ ಅಂಗಳಕ್ಕೆ ಕೆಂಚಯ್ಯ ಬಂದ. ಅವನು ನಮ್ಮ ಅಂಗಳಕ್ಕೆ ಕಾಲಿಟ್ಟದ್ದನ್ನು ನಾನು ಅದೇ ಮೊದಲು ನೋಡಿದ್ದು. ತಾತನ ಮುಖ ನೋಡದೆ, ಅಂಗಳದ ತೆಂಗಿನ ಸಸಿಗೆ ಹೇಳುವವನ ಹಾಗೆ ಹೇಳಿದ.

“ಈ ಕೂಸು ಓದ್ತದೆ. ಮಳೆ ಬಂದ್ರೂ ಇಸ್ಕೂಲ್ ತಪ್ಪಿಸ್ದುದ್ದಲ್ಲ. ನನ್ ಬದಿನ್ ಮೇಲೇ ಓಡಾಡ್ತಿದ್ದುದ್ದು, ನಾನ್ ನೋಡಿವ್ನಿ. ಓದಿದ್ ಮರ್ಯಕಿಲ್ಲ, ನನ್ ಮೊಮ್ಮಕ್ಳಿಗೆ ಮಗ್ಗಿ ಕಲ್ಸುದ್ದು ಇದೇಯ. ಐಬು ಒಂದೈತೆ, ಎದುರುತ್ರ ಕೊಡ್ತದೆ. ಕೊಡ್ಲಿ, ಮೇಷ್ಟ್ರಾಗೋರಿಗೆ ಅದು ಬೇಕಾಯ್ತದೆ.”

ನೀರೂ ಕುಡಿಯದೆ ಹೊರಟುಹೋದ. ತಾತ ಮಾರನೆಯ ದಿನ ಬಿಳಿ ಅಂಗಿ ತೊಟ್ಟು, “ನಡಿಯವ್ವ, ಸೇರ್ಸ್ ಬತ್ತೀನಿ” ಎಂದ. ಬದುವಿನ ಜಗಳ ಮಾತ್ರ ಇಬ್ಬರೂ ಇರುವ ತನಕ ಮುಂದುವರಿಯಿತು. ನಾನು ಈಗ ತಿಂಗಳಿಗೊಮ್ಮೆ ಆ ಬದುವಿನ ಮೇಲೆ ಹಾದು ಹೋಗುವಾಗ ಕೆಂಚಯ್ಯನನ್ನು ನೆನೆಸಿಕೊಳ್ಳುತ್ತೇನೆ. ಅವನು ಇದ್ದಾಗ ಒಂದು ಮಾತು ಹೇಳಬೇಕಿತ್ತು ಅನ್ನಿಸುತ್ತದೆ. ನಮ್ಮಲ್ಲಿ ಅದನ್ನೂ ಎದುರಿಗೆ ಹೇಳುವ ರೂಢಿಯಿಲ್ಲ.

ಕೆಲವು ತಿಂಗಳ ನಂತರ ರಾಮನಗರದಲ್ಲಿ ಇನ್ನೊಂದು ಮೇಳವಾಯಿತು, ನಮ್ಮದಕ್ಕಿಂತ ದೊಡ್ಡದು. ಕೆಲಸ ಸಿಗದೆ ಉಳಿದವರನ್ನು ಕರೆದುಕೊಂಡು ಹೋಗುವುದು ನನ್ನ ಪಾಲಿಗೆ ಬಂತು. ಉಳಿದವರಲ್ಲಿ ತೇಜುವೂ ಇದ್ದಳು. ಕನಕಪುರದ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರನ್ನೂ ಎಣಿಸುತ್ತಿದ್ದೆ, ಸಾತನೂರಿನ ಬಸ್ಸಿನಿಂದ ಸಹನಾ ಇಳಿದಳು.

“ನಿನಗೇನಮ್ಮ ಇಲ್ಲಿ ಕೆಲಸ?” ಎಂದೆ.

“ರಜಾ ಹಾಕ್ ಬಂದೆ ಮೇಡಂ. ಇವತ್ತು ತೇಜುದು.”

ರಾಮನಗರದ ತನಕ ಅವಳು ಕಿಟಕಿಯಿಂದ ಹೊರಗೆ ನೋಡುತ್ತ ತುಟಿ ಅಲ್ಲಾಡಿಸುತ್ತಿದ್ದಳು. ಪರೀಕ್ಷೆಯ ದಿನ ಮಕ್ಕಳು ಹಾಗೆ ಮಾಡುವುದನ್ನು ನೋಡಿದ್ದೇನೆ.

ಗ್ರಾಹಕರ ಜೊತೆ ಮಾತಾಡುವ ಕೆಲಸ ಅದು. ತೇಜುವಿಗೆ ಹೇಳಿ ಮಾಡಿಸಿದ್ದು ಎಂದು ನಾನೇ ಆ ಟೇಬಲ್ಲಿಗೆ ಕಳುಹಿಸಿ, ದೂರದಲ್ಲಿ ನೆರಳಿಗೆ ನಿಂತೆ. ಇವಳ ಬಗ್ಗೆ ನನಗೆ ಚಿಂತೆಯೇ ಇರಲಿಲ್ಲ. ಟೇಬಲ್ಲಿನ ಹಿಂದೆ ಇದ್ದವರು ಸ್ವಲ್ಪ ವಯಸ್ಸಾದ ಒಬ್ಬ ಸಾರ್. ಫೈಲು ತಿರುವಿ ನೋಡಿ, “ನಿಮ್ಮ ಬಗ್ಗೆ ಹೇಳಿ” ಎಂದರು.

“ನನ್ನೆಸ್ರು ತೇಜಸ್ವಿನಿ ಸಾರ್” ಎಂದಳು ತೇಜು. ಊರಿನ ಹೆಸರು ಹೇಳಿದಳು. ಆಮೇಲೆ ನಿಂತುಬಿಟ್ಟಳು.

ನಾನು ಕಾದೆ, ಅವರೂ ಕಾದರು. ಕಾಲೇಜಿನ ಬಾಯಿ ಎನ್ನಿಸಿಕೊಂಡ ಹುಡುಗಿ ದುಪ್ಪಟ್ಟಾದ ತುದಿಯನ್ನು ಬೆರಳಿಗೆ ಸುತ್ತುತ್ತ ನೆಲ ನೋಡುತ್ತಿದ್ದಳು. ಅವಳು ತನ್ನ ಬಗ್ಗೆ ಒಂದು ಮಾತಾಡಿದ್ದನ್ನೂ ನಾನು ಇದುವರೆಗೆ ಕೇಳಿಯೇ ಇಲ್ಲ ಎಂಬುದು ಆಗ ಹೊಳೆಯಿತು. ನಾನು ಹೆಜ್ಜೆ ಮುಂದಿಟ್ಟೆ. ಅಷ್ಟರಲ್ಲಿ ಯಾರೋ ಕೆಮ್ಮಿ ಗಂಟಲು ಸರಿಮಾಡಿಕೊಂಡರು.

“ಸಾರ್, ನಾನ್ ಹೇಳ್ತೀನಿ.”

“ನೀವ್ಯಾರಮ್ಮ?”

“ನಾನು ಇವ್ಳ ಕಡೆಯೋಳು ಸಾರ್” ಎಂದಳು ಸಹನಾ.

ದನಿ ನಡುಗುತ್ತಿತ್ತು, ಆದರೆ ನಾನು ನಿಂತ ಕಡೆಗೂ ಕೇಳುತ್ತಿತ್ತು. “ಇವ್ಳು ಯಾರ್ ಜೊತೆ ಬೇಕಾದ್ರೂ ಮಾತಾಡ್ತಾಳೆ. ಬೈಕಂಡ್ ಬಂದೋರು ಇವ್ಳ ತಾವ ಮಾತಾಡಿ ನಕ್ಕಂಡ್ ಹೋಯ್ತಾರೆ, ನಮ್ ಬಸ್ಸಿನ ಕಂಡಕ್ಟರ್ನೇ ಕೇಳಿ ಬೇಕಾದ್ರೆ. ನಂಗೆ ಕೆಲ್ಸ ಕೊಡ್ಸಿದ್ದು ಇವ್ಳೇಯ. ಅವತ್ತು ಇವ್ಳ್ಗೇ ಕೆಲ್ಸ ಕೊಡ್ತೀವಿ ಅಂದ್ರು ಸಾರ್, ನನ್ ದಿನ ಅಂತ ಬ್ಯಾಡ ಅಂದ್ಬುಟ್ಲು.” ಅಲ್ಲಿ ಒಮ್ಮೆ ತೇಜುವಿನ ಕಡೆ ನೋಡಿದಳು. “ಐಬು ಒಂದೈತೆ. ಬೇರೆಯೋರಿಗೆ ಅಂದ್ರೆ ಎಲ್ಲಿಗ್ ಬೇಕಾದ್ರೂ ನುಗ್ತಾಳೆ. ತನಗೆ ಅಂದ್ರೆ ಒಂದ್ ಲೋಟ ನೀರೂ ಕೇಳಕಿಲ್ಲ.”

ನಾನು ಮುಂದೆ ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡೆ. ಕಣ್ಣು ಮಂಜಾಗಿತ್ತು, ಬಿಸಿಲಿಗೆ ಎಂದು ಪಕ್ಕದಲ್ಲಿದ್ದ ಹುಡುಗನಿಗೆ ಹೇಳಿದೆ. ಆ ಸಾರ್ ಇಬ್ಬರಿಗೂ ಕುರ್ಚಿ ತೋರಿಸಿದರು. ಬಹಳ ಹೊತ್ತು ಮಾತಾಡಿಸಿದರು. ಕೊನೆಗೆ ಸೋಮವಾರ ಆಫೀಸಿಗೆ ಬಾ ಎಂದು ತೇಜುವಿಗೆ ಹೇಳಿದ್ದು ಕೇಳಿಸಿತು.

ವಾಪಸು ಬರುವ ಬಸ್ಸಿನಲ್ಲಿ ಇಬ್ಬರೂ ನನ್ನ ಮುಂದಿನ ಸೀಟಿನಲ್ಲಿ ಕೂತಿದ್ದರು. ತಾತನ ಹಾಗೆ, ಕೆಂಚಯ್ಯನ ಹಾಗೆ ಹಿಂದೆ ಮುಂದೆ ಅಲ್ಲ, ಒಂದೇ ಸೀಟಿನಲ್ಲಿ. ಜಗಳ ಮಾತ್ರ ನಡೆಯುತ್ತಿತ್ತು.

“ನೀರ್ ಕೇಳಕಿಲ್ಲ ಅಂತ ಯಾಕ್ ಹೇಳ್ದೆ? ಮಾನ ಹೋಯ್ತು ನಂದು.”

“ಐಬು ಹೇಳ್ಬೇಕಲ್ವೇನೆ?”

“ಬೇರೆ ಐಬು ಇರ್ನಿಲ್ವಾ?”

“ಇದ್ವು. ಅದ್ರಲ್ಲಿ ಇದು ಒಳ್ಳೇದು.” ಸಹನಾ ಬ್ಯಾಗಿನಿಂದ ನೀರಿನ ಬಾಟ್ಲಿ ತೆಗೆದು ತಾನು ಕುಡಿದು ತೊಡೆಯ ಮೇಲೆ ಇಟ್ಟುಕೊಂಡಳು. ಕೊಡಲಿಲ್ಲ.

ತೇಜು ಬೆಳಗ್ಗೆಯಿಂದ ನೀರು ಕುಡಿದದ್ದನ್ನು ನಾನು ನೋಡಿರಲಿಲ್ಲ. ಅವಳು ಕಿಟಕಿಯ ಕಡೆ ತಿರುಗಿಕೊಂಡಳು. ಬಸ್ಸು ಒಂದು ಸ್ಟಾಪಿನಲ್ಲಿ ನಿಂತಿತು, ಜನ ಇಳಿದರು, ಜನ ಹತ್ತಿದರು. ಕಂಡಕ್ಟರ್ ರೈಟ್ ಎನ್ನುವಷ್ಟರಲ್ಲಿ ತೇಜು ಮುಖ ತಿರುಗಿಸದೆಯೇ ಕೈ ಚಾಚಿದಳು.

“ಒಸಿ ನೀರ್ ಕೊಡೆ” ಎಂದಳು.